ಮೇಷ್ಟ್ರ ಮೂರಂಕಿ ಬೀಗ

ಕಳ್ಳರಿಗೂ ಲೆಕ್ಕ ಬರಬಹುದೆಂಬ ಹೆದರಿಕೆಯೇ ಈ ಫಜೀತಿಗೆಲ್ಲ ಮೂಲ. ಸೂಟ್‌ಕೇಸಿನ ಮೂರಂಕಿ ಬೀಗಕ್ಕೆ ಹುಟ್ಟಿದ ದಿನವನ್ನೋ ಮನೆ ನಂಬರನ್ನೋ ಇಡುವಷ್ಟು ದಡ್ಡರಲ್ಲ ನಮ್ಮ ಲೆಕ್ಕದ ಮೇಷ್ಟ್ರು. ಅವರ ನಿಯಮವೇ ಬೇರೆ: ಸಣ್ಣ ಅವಿಭಾಜ್ಯ ಸಂಖ್ಯೆಗಳನ್ನು ಪಕ್ಕಪಕ್ಕ ಕೂರಿಸಿದರೆ ಬರುವ ದೊಡ್ಡದೂ ಅವಿಭಾಜ್ಯವೇ ಆಗಿರಬೇಕು. ಎರಡು, ಐದು, ಏಳು ಸೇರಿ 257 ಆದ ಹಾಗೆ. ತಮ್ಮ ಲೆಕ್ಕದಲ್ಲಿ ಅಂಥದೊಂದನ್ನು ಹುಡುಕಿ ಇಟ್ಟರು, ಆ ಜಾಣತನವನ್ನು ಬೀದಿಗೆಲ್ಲ ಸಾರಿದರು, ಆಮೇಲೆ ಸಂಖ್ಯೆಯನ್ನೇ ಮರೆತರು.

ಈಗ ಕೋಟು ಒಳಗೆ, ಮೇಷ್ಟ್ರು ಬನಿಯನ್ನಿನಲ್ಲಿ ಹೊರಗೆ. ಹೈಸ್ಕೂಲಿನ ಕೆಲಸಕ್ಕೆ ಇವತ್ತೇ ಸಂದರ್ಶನ. ಮನೆಪಾಠದಲ್ಲೇ ಸಂಸಾರ ಎಳೆದು ಸುಸ್ತಾದವರಿಗೆ ಇದು ಕೈತಪ್ಪಿದರೆ ಬೇರೆ ಗತಿಯಿಲ್ಲ. ಜೊತೆಗೆ ಕರೆದೊಯ್ಯಲು ಶಾಲೆಯ ಕಾರ್ಯದರ್ಶಿಯೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಕೋಟಿಲ್ಲದವರನ್ನು ಸಮಿತಿಯ ಮುಂದೆ ನಿಲ್ಲಿಸುವ ಪದ್ಧತಿ ಅವರಲ್ಲಿರಲಿಲ್ಲ.

ಪಕ್ಕದ ಮನೆ ದರ್ಜಿ ಕತ್ತರಿ ಹಿಡಿದು ಬಂದ. ಮಹಡಿ ಮೇಲಿನ ಮಾಜಿ ಪೊಲೀಸಪ್ಪ ಸುತ್ತಿಗೆ ತಂದ. ಸೂಟ್‌ಕೇಸು ಅತ್ತೆಯದು, ಅದರ ಮೈಗೆ ಗೀರು ಬಿದ್ದರೂ ಸುಮ್ಮನಿರುವುದಿಲ್ಲವೆಂದು ಆಕೆ ಅದರ ಮೇಲೆಯೇ ಕೂತರು. ಮೇಷ್ಟ್ರು ಅವರ ಕಾಲ ಸಂದಿಯಲ್ಲಿ ಬಗ್ಗಿ 223 ತಿರುಗಿಸಿದರು, 257 ತಿರುಗಿಸಿದರು, 523, 757 ಎಲ್ಲ ಆಯಿತು. ಬೀಗ ಜಪ್ಪಯ್ಯ ಅನ್ನಲಿಲ್ಲ. ಹೆಂಡತಿ ಗಡಿಯಾರ ನೋಡಿ ನಿಟ್ಟುಸಿರಿಟ್ಟಳು.

ಕೊನೆಗೆ ಅತ್ತೆಗೆ ಮರುಕ ಬಂತು. "ಎರಡು, ಮೂರು, ಏಳು ಹಾಕಿ ನೋಡಿ ಅಳಿಯಂದ್ರೆ. ಮೂರೂ ನಿಮ್ಮ ಜಾತಿಯವೇ ಅಲ್ವಾ?"

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಕಾರ್ಯದರ್ಶಿಗಳ ಎದುರು ವಿದ್ಯೆ ತೋರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಎಲ್ಲಿ ಸಿಕ್ಕೀತು? ಬಿಡಿಬಿಡಿಯಾಗಿ ಮೂರೂ ಅವಿಭಾಜ್ಯ ನಿಜ, ಆದರೆ ಕೂಡಿಸಿದರೆ ಹನ್ನೆರಡು, ಹಾಗಾಗಿ 237 ಮೂರರಿಂದ ಭಾಗವಾಗಿಬಿಡುತ್ತದೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಕಾರ್ಯದರ್ಶಿ ತಲೆದೂಗಿದರು. ಆ ತಲೆದೂಗಾಟಕ್ಕೆ ಮೇಷ್ಟ್ರು ಇನ್ನಷ್ಟು ಉಬ್ಬಿದರು.

"ಇದು ಮೂರನೇ ಕ್ಲಾಸಿನ ಲೆಕ್ಕ ಸಾರ್. ಇದನ್ನ ಅವಿಭಾಜ್ಯ ಅಂದ್ಕೊಳ್ಳೋನು ಯಾವ ಸ್ಕೂಲಲ್ಲೂ ಪಾಠ ಹೇಳೋಕೆ ಲಾಯಕ್ಕಲ್ಲ."

ಅಷ್ಟರಲ್ಲಿ ಅತ್ತೆ ಕೆಳಗಿಳಿದು, ತಮ್ಮ ಪಾಡಿಗೆ ತಾವು ಚಕ್ರಗಳನ್ನು ತಿರುಗಿಸುತ್ತಿದ್ದರು. ಎರಡು, ಮೂರು, ಏಳು. ಟಕ್ಕೆಂದು ಬೀಗ ಬಿಚ್ಚಿಕೊಂಡಿತು.

ದರ್ಜಿ ಚಪ್ಪಾಳೆ ತಟ್ಟಿದ. ಹೆಂಡತಿ ಕೋಟು ಕೊಡವಿ ಗಂಡನ ಕಡೆ ಚಾಚಿದಳು. ಬೇರೆ ಯಾರೋ ಅಂಕಿ ಬದಲಾಯಿಸಿರಬೇಕು ಎಂದು ಮೇಷ್ಟ್ರು ತೊದಲಿದರು. ಬೀಗ ಮುಟ್ಟಲು ನೀವು ಯಾರಿಗೂ ಬಿಟ್ಟಿಲ್ಲವಲ್ಲ ಎಂದು ಹೆಂಡತಿ ನೆನಪಿಸಿದಳು.

ಕಾರ್ಯದರ್ಶಿ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಕೋಟೇನೋ ಸಿಕ್ತು ಮೇಷ್ಟ್ರೇ," ಎಂದರು. "ಇನ್ನು ಅದರ ಅಗತ್ಯ ಇಲ್ಲ ಬಿಡಿ."