ಆರನೆಯ ನಾಬ್

ಫಳ್ನೀರಿನ ನಮ್ಮ ಮೈಕ್ ಸೆಟ್ಟಿನ ಅಂಗಡಿಯಲ್ಲಿ ನಗುವಂಥ ಸಂಗತಿಗಳು ದಿನಕ್ಕೊಂದು ನಡೆಯುತ್ತಿದ್ದವು. ನಗುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಎಂಬತ್ತರ ದಶಕದ ಆರಂಭ. ನಾನು ಅಲ್ಲಿಯ ಮೆಕ್ಯಾನಿಕ್. ನಮ್ಮ ಊರಿನಲ್ಲಿ ಮೊತ್ತಮೊದಲು ರೇಡಿಯೋ ಬಿಚ್ಚಿದವನು ನಾನೇ. ಇದನ್ನು ಬೇರೆ ಯಾರೂ ಹೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತಿದ್ದೇನೆ. ಮತ್ತೆ ಅದನ್ನು ಜೋಡಿಸಲಿಕ್ಕೆ ಆಗದೇ ಹೋದದ್ದು ರೇಡಿಯೋದ ದೋಷ.

ಅಂಗಡಿಯ ಧಣಿಗಳು ದೊಡ್ಡ ಮನೆತನದವರು. ಭೂಮಸೂದೆಯಲ್ಲಿ ಗದ್ದೆಗಳೆಲ್ಲ ಒಕ್ಕಲುಗಳ ಪಾಲಾದ ಮೇಲೆ ಪೇಟೆಗೆ ಬಂದು, ಕೈಯಲ್ಲಿ ಉಳಿದದ್ದನ್ನು ಹಾಕಿ ಈ ಅಂಗಡಿ ಇಟ್ಟಿದ್ದರು. ಅದರಲ್ಲಿ ಅರ್ಧಕ್ಕರ್ಧ ಹೋದದ್ದು ಬೊಂಬಾಯಿಯ ಕಂಪನಿಯೊಂದರ ಮಿಕ್ಸರಿಗೆ. ನಾಲ್ಕಾರು ಮೈಕುಗಳ ಶಬ್ದವನ್ನು ಒಟ್ಟು ಸೇರಿಸಿ ಹದ ಮಾಡುವ ಪೆಟ್ಟಿಗೆ ಅದು.

ಭವಿಷ್ಯಕ್ಕೆ

ಪೆಟ್ಟಿಗೆಯಲ್ಲಿ ಆರು ನಾಬ್‌ಗಳು. ಐದನೆಯದರ ಕೆಳಗೆ ‘ಎಕೋ’ ಎಂದು ಚಂದದ ಅಕ್ಷರದಲ್ಲಿ ಬರೆದಿತ್ತು. ಆಗಿನ ಮದುವೆಗಳಲ್ಲಿ ಎಲ್ಲರಿಗೂ ಎಕೋ ಬೇಕು, ಒಮ್ಮೆ ಹೇಳಿದ್ದು ಗುಹೆಯೊಳಗೆ ಹೇಳಿದ ಹಾಗೆ ಮತ್ತೆ ಕೇಳಬೇಕು. ಧಣಿಗಳು ಪೆಟ್ಟಿಗೆ ತೆಗೆದುಕೊಂಡದ್ದೇ ಆ ಅಕ್ಷರ ನೋಡಿ. ಆದರೆ ಐದನೆಯದನ್ನು ಎಷ್ಟು ತಿರುಗಿಸಿದರೂ ಒಂದು ಉಸಿರೂ ಇಲ್ಲ. ‘ರಿಪೀಟ್’ ಎಂದು ಬರೆದ ಆರನೆಯದೂ ಹಾಗೆಯೇ.

ಕಂಪನಿಯ ಇಂಜಿನಿಯರ್ ಬಂದ. ಬೊಂಬಾಯಿಯಲ್ಲಿ ಬೆಳೆದ ನಮ್ಮ ಕಡೆಯವನೇ, ಟೈ ಕಟ್ಟಿದ್ದ.

“ಇದು ಒಂದನೇ ಮಾಡೆಲ್ ಸರ್. ಎಕೋ ಬೇಕಾದ್ರೆ ಎರಡನೇ ಮಾಡೆಲಿಗೆ ಬದಲಾಯಿಸ್ಬೇಕು. ಅದಕ್ಕೆ ಪ್ರತ್ಯೇಕ ಚಾರ್ಜು ಉಂಟು.”

“ಮತ್ತೆ ಈ ಆರನೆಯದು?”

“ಅದು ಭವಿಷ್ಯಕ್ಕೆ ಸರ್.”

ಧಣಿಗಳು ಆ ನಾಬನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿದರು. “ನನ್ನ ಭವಿಷ್ಯವನ್ನು ಇಷ್ಟು ಸ್ಪಷ್ಟವಾಗಿ ಯಾವ ಜೋಯಿಸರೂ ತೋರಿಸಿರ್ಲಿಲ್ಲ ಮಾರಾಯ. ತಿರುಗ್ತದೆ, ಎಂತದೂ ಆಗುದಿಲ್ಲ.”

ದೂರಿನ ಕ್ರಮ

ಧಣಿಗಳು ಕಂಪನಿಗೆ ಮೂರು ಪುಟಗಳ ದೂರು ಬರೆಸಿದರು. ಇಂಗ್ಲಿಷಿನಲ್ಲಿ, ಪರಿಚಯದ ವಕೀಲರಿಂದ. ಒಂದು ತಿಂಗಳ ಮೇಲೆ ಉತ್ತರ ಬಂತು. ಅಂಗಡಿಯಲ್ಲಿ ಇಂಗ್ಲಿಷ್ ಓದುವವನು ನಾನೊಬ್ಬನೇ ಆದ್ದರಿಂದ ಎದ್ದು ನಿಂತು ಓದಿದೆ.

“ಒಂದನೇ ಮಾಡೆಲಿನ ಬಗ್ಗೆ ದೂರುಗಳನ್ನು ಈಗ ಸ್ವೀಕರಿಸುವುದಿಲ್ಲ. ತಾವು ಎರಡನೇ ಮಾಡೆಲಿಗೆ ಬದಲಾಯಿಸಿಕೊಂಡ ನಂತರ ದೂರು ಸಲ್ಲಿಸಬೇಕಾಗಿ ವಿನಂತಿ.”

“ಅಂದ್ರೆ ಬೈಲಿಕ್ಕೂ ಮೊದಲು ದುಡ್ಡು ಕೊಡ್ಬೇಕಾ?”

“ಹಾಗೆಯೇ ಬರ್ದಿದ್ದಾರೆ ಧಣಿ.”

ಧಣಿಗಳು ಶಾಲು ಸರಿಮಾಡಿಕೊಂಡರು. “ಹಾಗಾದ್ರೆ ತುಳುವಿನಲ್ಲಿ ಬೈತೇನೆ. ಅದಕ್ಕೆ ಮಾಡೆಲ್ ಇಲ್ಲ.” ಅರ್ಧ ಗಂಟೆ ಬೈದರು. ಒಂದು ಶಬ್ದವೂ ಎರಡನೇ ಸಲ ಬರಲಿಲ್ಲ. ನಮ್ಮ ಅಂಗಡಿಯಲ್ಲಿ ಎಕೋ ಇರಲಿಲ್ಲವಲ್ಲ.

ಸೂಕ್ಷ್ಮ ಕೆಲಸ

ಅಷ್ಟರಲ್ಲಿ ಧಣಿಗಳ ಅಕ್ಕನ ಮಗಳ ಮದುವೆ ಗೊತ್ತಾಯಿತು, ಪಡೀಲಿನ ಕಲ್ಯಾಣಮಂಟಪದ ಹಾಲ್‌ನಲ್ಲಿ. ಅವರ ಮನೆತನದಲ್ಲಿ ಅಕ್ಕನ ಮಗಳೆಂದರೆ ಸ್ವಂತ ಮಗಳಿಗಿಂತ ಒಂದು ಕೈ ಹೆಚ್ಚು. ಗಂಡಿನ ಕಡೆಯವರು ಎಕೋ ಉಂಟಲ್ಲ ಎಂದು ಎರಡು ಸಲ ಕೇಳಿ ಕಳಿಸಿದ್ದರು.

ಧಣಿಗಳು ನನ್ನನ್ನು ಕರೆದರು. “ನೋಡು, ನನ್ನ ಅಕ್ಕನ ಮಗಳ ಮದುವೆಗೆ ಬೇರೆಯವನ ಸೆಟ್ಟು ಬಂದ್ರೆ ನಾನು ಇಲ್ಲಿಗೆ ಬೀಗ ಹಾಕ್ತೇನೆ. ಬೊಂಬಾಯಿಗೆ ಹೋಗಿ ತಮ್ಮನ ಹೋಟೆಲಿನ ಗಲ್ಲೆಯಲ್ಲಿ ಕೂರ್ತೇನೆ.”

“ನಾನು ಧಣಿ?”

“ನೀನು ಊರಿಗೆ ಹೋಗು. ಆ ರೇಡಿಯೋ ಜೋಡಿಸು.”

ಆ ವಾರವೇ ಜೆಪ್ಪುವಿನ ಹಾಜಿಯವರು ಬಂದರು. ಗಲ್ಫಿನಲ್ಲಿ ದುಡಿದು ಬಂದು ನಮ್ಮ ಹಾಗೆಯೇ ಮೈಕ್ ಸೆಟ್ಟು ಇಟ್ಟವರು, ಅವರದ್ದೂ ಅದೇ ಮಿಕ್ಸರ್. ಅವರು ಎರಡನೇ ಮಾಡೆಲಿಗೆಂದು ಕಂಪನಿಯ ಚಾರ್ಜು ಕಟ್ಟಿಬಿಟ್ಟಿದ್ದರು. ಇಂಜಿನಿಯರಿಗೆ ದೊಡ್ಡ ಮೇಜು, ಫ್ಯಾನು ಬೇಕೆಂದು ಕೆಲಸಕ್ಕೆ ನಮ್ಮ ಅಂಗಡಿಯ ಒಳಕೋಣೆ ಕೊಟ್ಟೆವು.

“ಎಲ್ಲರೂ ಹೊರಗೆ ಹೋಗಿ. ಕಂಪನಿಯ ಗುಟ್ಟು” ಎಂದು ಇಂಜಿನಿಯರ್ ಬಾಗಿಲು ಹಾಕಿಕೊಂಡ. ಹಾಜಿಯವರು ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಹಾಗೆ ಅತ್ತಿಂದಿತ್ತ ನಡೆದರು. ಗುಟ್ಟು ಎಂದ ಮೇಲೆ ನನ್ನಂಥವನು ಸುಮ್ಮನಿರುವುದುಂಟೇ? ಹಿತ್ತಿಲ ಕಡೆ ಸ್ಪೀಕರ್ ಪೆಟ್ಟಿಗೆಯ ಮೇಲೆ ಹತ್ತಿ ವೆಂಟಿಲೇಟರಿನಲ್ಲಿ ಇಣುಕಿದೆ.

ಇಂಜಿನಿಯರ್ ಮೊದಲು ಗೋಳಿಬಜೆ ತಿಂದ. ಕೈ ಒರೆಸಿಕೊಂಡು ಪೇಪರ್ ಓದಿದ. ಫ್ಯಾನಿನ ಕೆಳಗೆ ಒಂದು ಸಣ್ಣ ನಿದ್ದೆಯನ್ನೂ ಮಾಡಿದ. ಆಮೇಲೆ ವಾಚು ನೋಡಿ, ಮಿಕ್ಸರಿನ ಮುಚ್ಚಳ ತೆಗೆದು, ಕಟಿಂಗ್ ಪ್ಲೇಯರ್‌ನಿಂದ ಒಳಗಿನ ಒಂದೇ ಒಂದು ತಂತಿಯನ್ನು ಕಟ್ ಎಂದು ತುಂಡು ಮಾಡಿದ. ಮುಚ್ಚಳ ಹಾಕಿ ಐದನೆಯ ನಾಬ್ ತಿರುಗಿಸಿದ, ಎಕೋ ಕೇಳಿತು. ಕೆಲಸ ಮುಗಿಯಿತು.

ಹೊರಗೆ ಬಂದು ಹಣೆಯ ಬೆವರು ಒರೆಸಿಕೊಂಡ.

“ತುಂಬಾ ಕಷ್ಟ ಆಯ್ತಾ ಇಂಜಿನಿಯರ್ರೆ?” ಎಂದರು ಹಾಜಿಯವರು.

“ಭಾರೀ ಸೂಕ್ಷ್ಮ ಕೆಲಸ.”

ಹಾಜಿಯವರಿಗೆ ಕರುಳು ಚುರ್ರೆಂದಿತು. ಇನ್ನೊಂದು ಪ್ಲೇಟು ಗೋಳಿಬಜೆ ತರಿಸಿದರು.

ಎರಡು ಬಣ್ಣ

ಮದುವೆಯ ದಿನ ಬೆಳಿಗ್ಗೆ ಧಣಿಗಳಿಗೆ ನಾನು ಕಂಡದ್ದನ್ನು ಹೇಳಿದೆ. ಅವರು ಮಿಕ್ಸರನ್ನು ತಮ್ಮ ಕಡೆಗೆ ಎಳೆದುಕೊಂಡರು.

“ನಾನು ತಗೊಂಡ ದಿನವೇ ಎಕೋ ಅದರೊಳಗೆ ಇತ್ತಾ?”

“ಇತ್ತು ಧಣಿ. ತಂತಿಯಲ್ಲಿ ಕಟ್ಟಿಹಾಕಿದ್ದಾರೆ.”

“ಗದ್ದೆ ಹೋದದ್ದು ಕಾನೂನಿನಲ್ಲಿ. ಅದಕ್ಕೆ ನಾನು ಒಂದು ಮಾತು ಆಡ್ಲಿಲ್ಲ.” ಅವರ ಸ್ವರ ಸಣ್ಣಗಾಗಿತ್ತು. “ಇದು ಎಂತ ಕಾನೂನು ಮಾರಾಯ? ಕತ್ತರಿಸು.”

ಮುಚ್ಚಳ ತೆಗೆದೆ. ಒಳಗೆ ಕಾಗದದ ಸೀಲು ಅಂಟಿಸಿದ ಎರಡು ತಂತಿಗಳು, ಒಂದು ಕೆಂಪು, ಒಂದು ನೀಲಿ. ಮೊನ್ನೆ ವೆಂಟಿಲೇಟರಿನಿಂದ ನನಗೆ ಕಂಡದ್ದು ಪ್ಲೇಯರ್ ಮತ್ತು ಇಂಜಿನಿಯರನ ಬೋಳು ತಲೆ. ತಂತಿಯ ಬಣ್ಣ ತಲೆಯ ಅಡಿಯಲ್ಲಿತ್ತು.

“ಯಾವುದು?” ಎಂದರು ಧಣಿಗಳು.

ತಪ್ಪಿದರೆ ಮಿಕ್ಸರ್ ಸತ್ತ ಹಾಗೆ. ಅಂಗಡಿಯೂ, ನನ್ನ ಕೆಲಸವೂ. ಆದರೆ ಗೊತ್ತಿಲ್ಲ ಎಂಬ ಮಾತು ನನ್ನ ಬಾಯಲ್ಲಿ ಹುಟ್ಟಿದಂದಿನಿಂದ ಬಂದಿಲ್ಲ.

“ಎರಡೂ” ಎಂದೆ. ಕತ್ತರಿಸಿದೆ.

ಪಡೀಲಿನ ಹಾಲ್‌ನಲ್ಲಿ ಐದನೆಯ ನಾಬ್ ತಿರುಗಿಸಿದೆ. ಎಕೋ ಬಂತು! ಆರನೆಯದನ್ನೂ ತಿರುಗಿಸಿದೆ. ಒಂದು ಸಲ ಬರುತ್ತಿದ್ದದ್ದು ನಾಲ್ಕು ಸಲ ಬಂತು. ಧಣಿಗಳು ಕಣ್ಣೊರೆಸಿಕೊಂಡು ತಾವೇ ಮೈಕು ಹಿಡಿದರು. “ಮೊದಲನೇ ಪಂಕ್ತಿಯವರು ಊಟಕ್ಕೆ ಬನ್ನಿ” ಎಂದರು. ಬನ್ನಿ, ಬನ್ನಿ, ಬನ್ನಿ, ಬನ್ನಿ ಎಂದಿತು ಇಡೀ ಹಾಲ್.

ಇಷ್ಟು ಮರ್ಯಾದೆಯಿಂದ ಕರೆದ ಮೇಲೆ ಕೂತಿರುವುದು ಹೇಗೆ? ನಾಲ್ಕು ಪಂಕ್ತಿಯವರೂ ಒಟ್ಟಿಗೇ ಎದ್ದರು. ಅಡಿಗೆಯವರು ಸೌಟು ಹಿಡಿದುಕೊಂಡು ಧಣಿಗಳನ್ನು ಹುಡುಕುತ್ತಿದ್ದರು. ಕೈ ತೊಳೆದ ನೆಂಟರು ಮುಂದಿನ ಮದುವೆಗಳಿಗೆ ಸೆಟ್ಟು ಗೊತ್ತುಮಾಡಲಿಕ್ಕೆ ಹುಡುಕುತ್ತಿದ್ದರು. ಧಣಿಗಳು ಎರಡನೆಯವರಿಗೆ ಮಾತ್ರ ಸಿಕ್ಕಿದರು.

ಮುಂದಿನ ವರ್ಷದ್ದು

ಒಂದು ತಿಂಗಳ ಮೇಲೆ ಇಂಜಿನಿಯರ್ ಮತ್ತೆ ಬಂದ. ಹಾಜಿಯವರೂ ತಮ್ಮ ಮಿಕ್ಸರನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದಿದ್ದರು.

“ಮುಂದಿನ ವರ್ಷ ಮೂರನೇ ಮಾಡೆಲ್ ಬರ್ತದೆ ಹಾಜಿಯವರೇ. ಈಗಲೇ ಚಾರ್ಜು ಕಟ್ಟಿ ಹೆಸರು ಬರೆಸಿ. ಆರನೆಯ ನಾಬ್ ಕೆಲಸ ಮಾಡ್ತದೆ, ಎಕೋ ನಾಲ್ಕು ಸಲ ಬರ್ತದೆ.”

“ನಾಲ್ಕು ಸಲವಾ? ಪಡೀಲಿನ ಮದುವೆಗೆ ನಾನೂ ಹೋಗಿದ್ದೆ. ಇವರ ಸೆಟ್ಟಿನಲ್ಲಿ ನಾಲ್ಕು ಸಲ ಬಂತಲ್ಲ!”

“ಸಾಧ್ಯವೇ ಇಲ್ಲ. ಅದು ಇನ್ನೂ ಕಂಪನಿಯಿಂದ ಹೊರಗೇ ಬರ್ಲಿಲ್ಲ.”

ಧಣಿಗಳು ನನ್ನ ಕಡೆ ನೋಡಿದರು. ನಾನು ಮೈಕು ತೆಗೆದು “ಸಾಧ್ಯವೇ ಇಲ್ಲ” ಎಂದೆ. ಇಲ್ಲ, ಇಲ್ಲ, ಇಲ್ಲ, ಇಲ್ಲ ಎಂದಿತು ಅಂಗಡಿ.

ಇಂಜಿನಿಯರ್ ಓಡಿ ಹೋಗಿ ಮುಚ್ಚಳ ಎತ್ತಿದ. ಮುಖ ಬಿಳಿಚಿತು. “ಕೆಂಪು ಕತ್ತರಿಸಿದ್ದು ಹೋಗ್ಲಿ. ನೀಲಿಯನ್ನು ಯಾಕೆ ಕತ್ತರಿಸಿದ್ರಿ? ಅದು ಮುಂದಿನ ವರ್ಷದ್ದು!”

ಹಾಜಿಯವರು ಇಂಜಿನಿಯರನ್ನು ನೋಡಿದರು. ಮುಚ್ಚಳದೊಳಗಿನ ಎರಡು ತುಂಡು ತಂತಿಗಳನ್ನು ನೋಡಿದರು. ಕೊನೆಗೆ ಮೇಜಿನ ಮೇಲಿದ್ದ ಗೋಳಿಬಜೆಯ ಪ್ಲೇಟನ್ನು ನೋಡಿದರು. ಈಗ ಹೊಡೆತ ಬೀಳುತ್ತದೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಭಯದಿಂದಲ್ಲ, ಜಾಗ ಬಿಡಲಿಕ್ಕೆ.

ಹಾಜಿಯವರು ಸ್ವರ ಎತ್ತಲಿಲ್ಲ. ಪ್ಲೇಟನ್ನು ಬದಿಗೆ ಸರಿಸಿ, ತಮ್ಮ ಮಿಕ್ಸರನ್ನು ಮೇಜಿನ ಮೇಲಿಟ್ಟು, ನನ್ನ ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದು ಇಂಜಿನಿಯರನ ಕೈಯಲ್ಲಿಟ್ಟರು.

“ಮುಂದಿನ ವರ್ಷದ್ದನ್ನು ಈಗಲೇ ಕತ್ತರಿಸಿ. ಬಾಗಿಲು ಹಾಕುದು ಬೇಡ. ಮತ್ತೆ ಅದರ ಮುಂದಿನ ವರ್ಷದ್ದು ಯಾವ ಬಣ್ಣ, ಅದನ್ನೂ ಹೇಳಿ ಹೋಗಿ ಮಾರಾಯ್ರೆ. ನನಗೆ ಪ್ರಾಯ ಆಯ್ತು.”