ಪ್ಲಂಡರ್ ಚೀಟಿ

ನಿಘಂಟು ಕಚೇರಿಯಲ್ಲಿ ಇಂಗ್ಲಿಷ್ ಪದಗಳ ಮೂಲ ಹುಡುಕುವುದು ನನ್ನ ಕೆಲಸ. ಮನೆಯಲ್ಲಿ ನನ್ನ ಕನ್ನಡಕ ಹುಡುಕುವುದು ಹೆಂಡತಿಯ ಕೆಲಸ. (ಹೀಗೆ ಹಂಚಿಕೊಂಡು ಇಪ್ಪತ್ತೆರಡು ವರ್ಷವಾಯಿತು.)

ನನಗೊಂದು ಚಾಳಿ ಇದೆ. ಪದದ ವಿವರಣೆಯನ್ನು ಕೈಗೆ ಸಿಕ್ಕ ಕಾಗದದ ಹಿಂಬದಿಯಲ್ಲಿ ಬರೆಯುತ್ತೇನೆ: ಲಾಂಡ್ರಿ ರಸೀದಿ, ಔಷಧಿ ಚೀಟಿ, ಯಾರದೋ ಮದುವೆಯ ಕರೆಯೋಲೆ. ಮೂರು ವಾರ ಪುಸ್ತಕಗಳನ್ನು ಜಾಲಾಡಿ 'ಪ್ಲಂಡರ್' ಪದಕ್ಕೆ ಹಾಗೊಂದು ಚೀಟಿ ಬರೆದಿದ್ದೆ. ಶನಿವಾರ ಬೆಳಿಗ್ಗೆ ನೋಡಿದರೆ ಚೀಟಿ ಇಲ್ಲ, ಮೇಜು ಫಳಫಳ ಹೊಳೆಯುತ್ತಿದೆ. ಹನ್ನೊಂದಕ್ಕೆ ಸಂಪಾದಕರಿಗೆ ಒಪ್ಪಿಸದಿದ್ದರೆ 'ಪಿ' ಅಕ್ಷರವಿಡೀ ಪಕ್ಕದ ಮೇಜಿನವನ ಪಾಲು.

ಗೃಹಮಂತ್ರಿಗಳು ದರ್ಜಿಯ ಅಂಗಡಿಗೆ ಹೋಗಿದ್ದರು. ನಾನು ಕಾರ್ಯಾಚರಣೆಗಿಳಿದೆ. ಹಾಸಿಗೆ ಮಗುಚಿದೆ, ಕಪಾಟು ಬರಿದು ಮಾಡಿದೆ, ಡಬ್ಬಗಳನ್ನು ನೆಲಕ್ಕಿಳಿಸಿದೆ. ಪಕ್ಕದ ಮನೆಯಾಕೆ ಇಣುಕಿ, "ಕಳ್ಳರು ಬಂದಿದ್ರಾ ಅಣ್ಣಾ? ಏನೇನು ಹೋಯ್ತು?" ಎಂದರು.

"ಒಂದು ಚೀಟಿ," ಎಂದೆ. ಅವರು ಗಾಬರಿಯಿಂದ ಹೊರಟುಹೋದರು.

ಅಷ್ಟರಲ್ಲಿ ಹೆಂಡತಿ ಬಂದಳು. "ಇದೇನ್ರೀ ಅವಸ್ಥೆ?"

"ನನ್ನ ಮೂರು ವಾರದ ತಪಸ್ಸನ್ನ ಗುಜರಿಗೆ ಹಾಕಿದೀಯ. ಪ್ಲಂಡರ್ ಅಂದ್ರೇನು ಗೊತ್ತಾ ನಿಂಗೆ?"

"ಗೊತ್ತು. ಜರ್ಮನ್ ಕಡೆಯ ಪದ. ಮೊದಲು ಹಾಸಿಗೆ, ಹೊದಿಕೆ, ಮನೆ ಸಾಮಾನು ಅಂತ ಅರ್ಥ. ಯುದ್ಧದಲ್ಲಿ ಸಿಪಾಯಿಗಳು ಅದನ್ನೇ ಹೊತ್ಕೊಂಡು ಹೋಗ್ತಾ ಇದ್ರಲ್ಲ, ಆಮೇಲೆ ದೋಚೋದು ಅಂತಾಯ್ತು. ಯೂರೋಪಿನ ಮೂವತ್ತು ವರ್ಷದ ಯುದ್ಧದ ಕಾಲಕ್ಕೆ ಇಂಗ್ಲಿಷಿಗೆ ಬಂತು."

"ಇದೆಲ್ಲಾ ಹೇಗೆ...?"

"ಓದದೆ ಎತ್ತಿಟ್ರೆ ಯಾವುದು ಎಲ್ಲಿಡಬೇಕು ಅಂತ ಹೇಗೆ ಗೊತ್ತಾಗತ್ತೆ? ಆ ಚೀಟೀಲಿ ಹೊದಿಕೆ ಅಂತಿತ್ತು. ಹೊದಿಕೆ ಒಳಗಿಟ್ಟೆ."

ನಾನು ಎರಡು ಸಲ ಎತ್ತಿ ಬಿಸಾಡಿದ್ದ ನೀಲಿ ಹೊದಿಕೆಯನ್ನು ಅವಳು ಒಮ್ಮೆ ಬಿಡಿಸಿದಳು. ಚೀಟಿ ಜಾರಿ ನನ್ನ ಕಾಲ ಬಳಿ ಬಿತ್ತು.

ನನ್ನ ಕೋಳಿಕಾಲು ಅಕ್ಷರವನ್ನು ಇಷ್ಟು ವರ್ಷ ಒಬ್ಬಳು ಕೂತು ಓದಿದ್ದಾಳೆ, ನನಗೆ ಗೊತ್ತೇ ಇರಲಿಲ್ಲ. ಈ ಋಣ ತೀರಿಸುವಂಥದ್ದಲ್ಲ. ಹೇಳಲು ಹೊತ್ತಿರಲಿಲ್ಲ, ಓಡಿದೆ. ಉದಾಹರಣೆ ವಾಕ್ಯದ ಜಾಗ ಖಾಲಿಯಿತ್ತು. ಬಸ್ಸಿನಲ್ಲೇ ತುಂಬಿಸಿದೆ: 'ಗಂಡ ಮನೆಯನ್ನು ದೋಚಿದ, ಹೆಂಡತಿ ಉಳಿಸಿಕೊಟ್ಟಳು.'

ಸಂಪಾದಕರು ಓದಿ, "ಉದಾಹರಣೆ ಅನುಭವದಿಂದ ಬಂದ ಹಾಗಿದೆ," ಎಂದರು. 'ಪಿ' ನನ್ನಲ್ಲೇ ಉಳಿಯಿತು.

ದಾರಿಯುದ್ದಕ್ಕೂ ಕೃತಜ್ಞತೆಯ ಭಾಷಣ ಬಾಯಿಪಾಠ ಮಾಡಿಕೊಂಡು ಮನೆಗೆ ಬಂದೆ. ನಾನು ಬಿಟ್ಟುಹೋದ ರಾಶಿ ಹಾಗೇ ಬಿದ್ದಿತ್ತು.

"ನಿನ್ನಿಂದಲೇ ಕಣೇ ನನ್ನ..." ಎಂದು ಶುರುಮಾಡಿದೆ.

"ಅದೆಲ್ಲಾ ಮಡಚ್ತಾ ಮಡಚ್ತಾ ಹೇಳಿ," ಎಂದು ಅವಳು ನೀಲಿ ಹೊದಿಕೆಯ ಒಂದು ತುದಿಯನ್ನು ನನ್ನ ಕೈಗಿತ್ತಳು.