ಮಾವನ ಪಾಲಿನ ಬಿಂಬುಳಿ ರಸ

ಬೆಳಿಗ್ಗೆ ರಕ್ತ ತೆಗೆಯುವುದು, ಮಧ್ಯಾಹ್ನ ಫಲಿತಾಂಶ, ಸಂಜೆಗೆ ಡಯಾಲಿಸಿಸ್ ಬೇಕೇ ಬೇಡವೇ ಎಂಬ ತೀರ್ಮಾನ. ಸಾಗರದ ಆಸ್ಪತ್ರೆಯೊಂದರ ಐಸಿಯುವಿನಲ್ಲಿ, ಸೋಂಕು ರಕ್ತಕ್ಕೇರಿ ಮಲಗಿದ್ದ ಜಟ್ಟಿಂಗಪ್ಪನ ಮಟ್ಟಿಗೆ ಆ ದಿನದ ಕ್ರಮ ಹೀಗಿತ್ತು.

“ರಕ್ತದಲ್ಲಿ ಕ್ರಿಯಾಟಿನಿನ್ ಅನ್ನೋ ಕಲ್ಮಶ ಏರೋ ಹೊತ್ತಿಗೆ ಕಿಡ್ನಿ ಅರ್ಧ ಸೋತಿರುತ್ತೆ. ಈ ಹೊಸ ರಕ್ತಪರೀಕ್ಷೆ ಮೊದಲೇ ಎಚ್ಚರಿಸುತ್ತೆ,” ಎಂದರು ಡಾಕ್ಟರ್ ಶ್ಯಾಮಲಾ. “ಅಲ್ಲೀವರೆಗೆ ಅವರ ಬಾಯಿಗೆ ಏನೂ ಹಾಕಬೇಡಿ.”

ತಲೆಯಾಡಿಸಿ ಹೊರಬಂದ ಸೋದರಳಿಯ ದುರ್ಗೇಶನೆದುರು, ನಿಟ್ಟೂರಿನ ಮೊದಲ ಬಸ್ಸಿಗೆ ಬಂದ ಚಿಕ್ಕಮ್ಮ ಕನ್ನಮ್ಮ ಬಾಟಲಿ ಹಿಡಿದು ನಿಂತಿದ್ದಳು.

“ಬಿಂಬುಳಿ ರಸ ಕಣೋ, ಹಿತ್ತಿಲ ಹುಳಿಕಾಯಿದು. ಒಂದು ಹನಿ ನೀರು ಸೇರ್ಸಿಲ್ಲ. ರಕ್ತ ತೊಳೀತದೆ. ಅಣ್ಣಂಗೆ ಕುಡ್ಸಿ ಬಾಟ್ಲಿ ವಾಪಸ್ ತಾ, ಇಲ್ಲೇ ಕಾಯ್ತೀನಿ.”

ಕಾಯಿಲೆಯವರಿಗೆ ತಂದದ್ದನ್ನು ಹಾಗೆಯೇ ಹಿಂದಿರುಗಿಸಿದರೆ ಅವರ ಬಳಗದಲ್ಲಿ ಅದು ಮಕ್ಕಳ ಮದುವೆಯವರೆಗೂ ಉಳಿಯುವ ಮುನಿಸು. ದುರ್ಗೇಶ್ ಬಾಗಿಲ ಮರೆಗೆ ಹೋಗಿ, ಚೆಲ್ಲಲೆಂದೇ ಮುಚ್ಚಳ ತೆಗೆದ. ಆ ವಾಸನೆಗೆ ಕವಲೇದುರ್ಗದ ಬೆಟ್ಟದ ಬುಡದ ಹಿತ್ತಿಲು ಕಣ್ಣೆದುರು ಬಂತು: ಹೆಗಲ ಮೇಲೆ ಕೂರಿಸಿಕೊಂಡು ಬಿಂಬುಳಿ ಕೀಳಿಸುತ್ತಿದ್ದ ಮಾವ, ಪಂಚೆಯ ತುದಿಯಲ್ಲಿ ಕಟ್ಟಿ ತಂದ ಉಪ್ಪು, “ನಿನ್ನ ಅಮ್ಮಂಗೆ ಹೇಳಿದ್ರೆ ನೋಡು!” ಎಂಬ ಹುಸಿ ಬೆದರಿಕೆ. ಕಣ್ಣು ತುಂಬಿತು; ಬಾಟಲಿ ಬಾಯಿಗೇರಿ ಬರಿದಾಯಿತು.

ಹೊಸನಗರದಿಂದ ಮಾವನ ತಮ್ಮ ಗುತ್ಯಪ್ಪ ಅದನ್ನೇ ತಂದ. ತೀರ್ಥಹಳ್ಳಿಯಿಂದ ಬೀಗಿತ್ತಿ ಯಮುನಮ್ಮನೂ ಅದನ್ನೇ ತಂದರು. ದುರ್ಗೇಶನ ಹಲ್ಲುಗಳು ಗರಗಸ ತಾಗಿದ ತಗಡಿನಂತೆ ಜುಮ್ಮೆಂದರೂ ನೆನಪು ನಿಲ್ಲಲಿಲ್ಲ. ಆದ್ದರಿಂದ ರಸವೂ ನಿಲ್ಲಲಿಲ್ಲ.

ಮಧ್ಯಾಹ್ನ ಡಾಕ್ಟರ್ ನಗುತ್ತ ಬಂದರು. “ಕಿಡ್ನಿಗೆ ಅಪಾಯ ಕಾಣ್ತಿಲ್ಲ. ಡಯಾಲಿಸಿಸ್ ಬೇಡ.”

“ನನ್ ರಸ ನೋಡಿ!” ಎಂದಳು ಕನ್ನಮ್ಮ.

“ನಿಂದೆಂತ ರಸ ಮಾರಾಯ್ತಿ? ಅಣ್ಣಂಗೆ ಹಿಡಿದದ್ದು ನಂದು!” ಗುತ್ಯಪ್ಪ ಎದ್ದು ನಿಂತ.

“ಎಂತ ಜಗಳ ಮಾರಾಯ್ರೆ? ಹುಳಿ ಜಾಸ್ತಿ ಇದ್ದದ್ದು ನಮ್ಮನೆ ಮರದ್ದು,” ಎಂದು ಯಮುನಮ್ಮ ತೀರ್ಪಿತ್ತರು.

ನಿಜ ಹೇಳಲು ದುರ್ಗೇಶ್ ಬಾಯಿ ತೆರೆದ. ಮಾತು ಬರಲಿಲ್ಲ, ಮೂರೂ ಊರಿನ ರಸ ಒಟ್ಟಿಗೇ ಬಂತು. ಸೊಂಟ ಹಿಡಿದು ಕುಸಿದ. ಡಾಕ್ಟರ್ ನೆಲ ನೋಡಿದರು, ಖಾಲಿ ಬಾಟಲಿಗಳನ್ನು ಮೂಸಿ ನೋಡಿದರು.

“ಅಷ್ಟನ್ನೂ ನೀವೇ ಕುಡಿದ್ರಾ? ನೀರು ಬೆರೆಸದ ಬಿಂಬುಳಿ ರಸ ಇಷ್ಟಾದ್ರೆ ಕಿಡ್ನಿಗೆ ವಿಷ ಕಣ್ರೀ! ಮೊದಲು ಇವರ ರಕ್ತ ತೆಗೀರಿ.”

ಸಂಜೆ ಐಸಿಯುವಿನಲ್ಲಿ ಮಾವನ ಪಕ್ಕದ ಹಾಸಿಗೆ ಅಳಿಯನದಾಗಿತ್ತು. ಜ್ವರ ಇಳಿದ ಜಟ್ಟಿಂಗಪ್ಪ ಕಣ್ಣು ತೆರೆದು, ಮೂಗರಳಿಸಿ ಪಿಸುಗುಟ್ಟಿದ: “ಬಿಂಬುಳಿ ತಿಂದ್ಯೇನೋ? ನಂಗೆ ಒಂದೂ ಇಡ್ಲಿಲ್ವಾ?”

ಅಷ್ಟರಲ್ಲಿ ದುರ್ಗೇಶನ ಫಲಿತಾಂಶ ಬಂತು. ಕ್ರಿಯಾಟಿನಿನ್ ಸಹಜ; ಆದರೆ ಹೊಸ ಪರೀಕ್ಷೆಯ ಪ್ರಕಾರ ಕಿಡ್ನಿಗೆ ಹಾನಿ ಆರಂಭವಾಗಿದೆ.